ಮೂರೂವರೆ ಗೋಪುರದ ಸೀರೆ

ದೊಡ್ಡವ್ವ ಚಿಕ್ಕಲಸಂದ್ರದ ನಮ್ಮ ಮನೆಗೆ ಬಂದದ್ದು ಜೂನ್ ತಿಂಗಳ ಒಂದು ಭಾನುವಾರ. ಧಾರವಾಡದಿಂದ ರೈಲಿನಲ್ಲಿ ಬಂದವಳ ಕೈಯಲ್ಲಿ ಒಂದು ಸೂಟ್‌ಕೇಸು, ಒಂದು ಪ್ಲಾಸ್ಟಿಕ್ ಫೈಲು. ಫೈಲಿನ ತುಂಬ ಸ್ಕ್ಯಾನ್ ವರದಿಗಳು. ಇಲ್ಲಿನ ಡಾಕ್ಟರು ಅವನ್ನು ಒಂದೊಂದಾಗಿ ನೋಡಿ, ಇನ್ನು ಕೀಮೋ ಕೊಟ್ಟರೆ ರೋಗಕ್ಕಿಂತ ಅದೇ ಹೆಚ್ಚು ದಣಿಸುತ್ತದೆ, ನೋವಿಲ್ಲದ ಹಾಗೆ ನೋಡಿಕೊಳ್ಳೋಣ ಎಂದರು. ದೊಡ್ಡವ್ವ "ಆತು ಬಿಡ್ರಿ" ಎಂದಳು. ಹೊರಗೆ ಬಂದು ಆಟೋ ಹತ್ತಿದ ಮೇಲೆ ಅಮ್ಮ ಅತ್ತಳು. ದೊಡ್ಡವ್ವ ಮುಂದಕ್ಕೆ ಬಾಗಿ ಆಟೋದವನಿಗೆ, "ಸಾವಕಾಶ ಹೋಗಪಾ, ನಮಗೇನೂ ಅವಸರ ಇಲ್ಲ" ಎಂದಳು.

ಅವಳು ಅಮ್ಮನ ಅಕ್ಕ. ಧಾರವಾಡದ ಪ್ರಾಥಮಿಕ ಶಾಲೆಯೊಂದರಲ್ಲಿ ಅಕ್ಕೋರಾಗಿದ್ದು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಅಮ್ಮನಿಗೆ ಅವಳು ಅರ್ಧ ಅಕ್ಕ, ಅರ್ಧ ತಾಯಿ. ನಾನು ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ನನಗೆ ಅವಳು ಬೇಸಿಗೆ ರಜೆಯ ದೊಡ್ಡವ್ವ, ಅಷ್ಟೆ. ಈಗ ಅವಳ ಮಂಚ ನನ್ನ ಕೋಣೆಗೇ ಬಂತು.

ಮನೆಗೆ ಬಂದು ನೋಡಿಕೊಳ್ಳುವ ತಂಡದಿಂದ ಪ್ರತಿ ಮಂಗಳವಾರ ಒಬ್ಬರು ಸಿಸ್ಟರ್ ಬರುತ್ತಿದ್ದರು. ಮಾರ್ಫಿನ್ ಕೊಟ್ಟ ಹೊತ್ತು, ಊಟ ಎಷ್ಟು, ನಿದ್ದೆ ಹೇಗೆ, ನೋವು ಹತ್ತರಲ್ಲಿ ಎಷ್ಟು ಎಂದು ಬರೆದಿಡಲು ಮೊದಲ ದಿನವೇ ಹೇಳಿದರು. ಆ ಕೆಲಸ ನನ್ನದಾಯಿತು. ನಾನು ಜಯನಗರದ ಒಂದು ಆಡಿಟರ್ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದೇನೆ. ಒಂಬತ್ತನೇ ತರಗತಿಯಿಂದ ದಿನಚರಿ ಬರೆಯುತ್ತೇನೆ. ಗೆರೆ ಹಾಕದ ಪುಟದಲ್ಲಿ ನನಗೆ ಅಕ್ಷರ ಮೂಡುವುದಿಲ್ಲ.

"ನೋವು ಹತ್ತರಲ್ಲಿ ಎಷ್ಟಿದೆ ದೊಡ್ಡವ್ವ?" ಎಂದು ಮುಂದಿನ ಮಂಗಳವಾರ ಸಿಸ್ಟರ್ ಎದುರಿಗೇ ಕೇಳಿದೆ.

"ಅದು ಹೆಂಗ ನಡಕೊಂಡೇತಿ, ಅದರ ಮ್ಯಾಲೆ ಮಾರ್ಕು. ಇವತ್ತ ಆರು ಕೊಡು."

"ನಿನ್ನೆ ತುಂಬ ಜಾಸ್ತಿ ಇತ್ತಲ್ಲ, ಆಗ್ಲೂ ಎಂಟೇ ಅಂದೆ."

"ನಾ ಅಕ್ಕೋರ ಇದ್ದಾಗ ಯಾರಿಗೂ ಹತ್ತಕ್ಕ ಹತ್ತ ಕೊಟ್ಟಿಲ್ಲ. ಇದಕ್ಕ ಕೊಡ್ತೀನೇನು?"

ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ಬರೆದುಕೊಳ್ಳುವುದನ್ನು ಕಂಡರೆ ದೊಡ್ಡವ್ವನಿಗೆ ಮೋಜು. "ಏನ ಬೇ, ಯಮನ ಆಫೀಸಿನ ಕ್ಲಾರ್ಕ, ಇವತ್ತಿನ ಹಾಜರಿ ಹಾಕಿದೇನು?" ಎನ್ನುತ್ತಿದ್ದಳು. ಅಡುಗೆಮನೆಯಿಂದ ಅಮ್ಮ, "ಅಕ್ಕಾ, ಬಿಡ್ತು ಅನ್ನು!" ಎಂದು ಕೂಗುತ್ತಿದ್ದಳು.

ಶುಕ್ರವಾರ ಅದೇ ತಂಡದ ಇನ್ನೊಬ್ಬರು ಮೇಡಂ ಬರುತ್ತಿದ್ದರು. ಔಷಧದವರಲ್ಲ, ಮಾತಾಡಿಸುವವರು. ಅವರ ಚೀಲದಲ್ಲಿ ಬಣ್ಣ, ಕುಂಚ, ದಪ್ಪ ಹಾಳೆ, ಜೇಡಿಮಣ್ಣು ಇರುತ್ತಿದ್ದವು. ಮೊದಲ ಸಲ ಬಂದಾಗ ಮಂಚದ ಪಕ್ಕ ಹಾಳೆ ಹರಡಿ, "ನಿಮಗೆ ಖುಷಿ ಕೊಡೋ ಒಂದು ಜಾಗ ಬರೀರಿ ಅಮ್ಮ, ಹೇಗೆ ಬಂದರೂ ಪರವಾಗಿಲ್ಲ" ಎಂದರು.

"ಹೆಂಗ ಬಂದ್ರೂ ನಡೀತದಂದ್ರ ಯಾಕ ಬರೀಬೇಕ್ರಿ? ನಾ ಏನ ಅಂಗನವಾಡಿ ಕೂಸೇನು?"

ಮೇಡಂಗೆ ಬೇಸರವಾದಂತೆ ಕಾಣಲಿಲ್ಲ. ಕುಂಚವನ್ನು ನೀರಲ್ಲಿ ತೊಳೆದು ಒರೆಸಿ ಒಳಗಿಟ್ಟರು. ಆಮೇಲೆ ದೊಡ್ಡವ್ವನ ಬೆರಳುಗಳನ್ನು ನೋಡುತ್ತ, "ಈ ಕೈ ಸುಮ್ಮನೆ ಕೂತ ಕೈ ಅಲ್ಲ ಅನ್ಸುತ್ತೆ. ಇದಕ್ಕೆ ಏನು ಮಾಡಿ ಅಭ್ಯಾಸ?" ಎಂದು ಕೇಳಿದರು.

ದೊಡ್ಡವ್ವ ತನ್ನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಸೂಟ್‌ಕೇಸಿನ ತಳಕ್ಕ ಒಂದು ಸೀರಿ ಅದ. ತಗದು ತಾ" ಎಂದಳು.

ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಕಪ್ಪು ಇಳಕಲ್ ಸೀರೆ. ಧಾರವಾಡದ ಕಡೆ ಅದಕ್ಕೆ ಚಂದ್ರಕಾಳಿ ಎನ್ನುತ್ತಾರೆ. ಕೆಂಪು ಸೆರಗಿನ ಪಕ್ಕ, ಕಪ್ಪು ಮೈಮೇಲೆ ಬಿಳಿ ದಾರದಲ್ಲಿ ಕಸೂತಿಯ ಎರಡು ಗೋಪುರಗಳಿದ್ದವು. ಮೂರನೆಯದು ಒಂದು ಬುಡದ ಮೆಟ್ಟಿಲಿಗೇ ನಿಂತಿತ್ತು. ಮದುವೆಯಾಗುವ ಹುಡುಗಿಗೆ ಮನೆಯವರು ಕಸೂತಿ ಹಾಕಿಸಿ ಕೊಡುವ ಸೀರೆ ಅದು. ಅಮ್ಮನ ಮದುವೆಗೆ ದೊಡ್ಡವ್ವನೇ ಹಾಕಿಕೊಟ್ಟಿದ್ದಳು. ಓಣಿಯ ಎಷ್ಟೋ ಹುಡುಗಿಯರಿಗೂ ಹಾಕಿಕೊಟ್ಟಿದ್ದಳು. ಅವಳಿಗೆ ಕೊಡುವವರು ಯಾರೂ ಇರಲಿಲ್ಲ. ನಿವೃತ್ತಿಯಾದ ವರ್ಷ ತನಗೆ ತಾನೇ ಒಂದು ಸೀರೆ ಕೊಂಡು ಹಾಕಲು ಕೂತಿದ್ದಳು. ಎರಡು ಗೋಪುರವಾಗುವಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದರು. ಸೀರೆ ಟ್ರಂಕು ಸೇರಿತು.

"ಐದು ಗೋಪುರ ಆಗಬೇಕು," ಎಂದಳು ದೊಡ್ಡವ್ವ. "ಇದನ್ನ ಮುಗಸ್ತೀನಿ. ಉಡ್ತೀನಿ."

ಅಮ್ಮ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನಾನು ಹಿಂದೆ ಹೋದೆ. "ತನ್ನ ಕೊನೇ ಸೀರೆ ತಾನೇ ರೆಡಿ ಮಾಡ್ಕೋತಿದಾಳೆ ಕಣೆ," ಎಂದಳು ಅಮ್ಮ, ನೀರಿನ ಸದ್ದಿನ ನಡುವೆ.

ದೊಡ್ಡವ್ವನ ಕಿವಿ ಚುರುಕು. ಕೋಣೆಯಿಂದಲೇ, "ಏ ಹುಚ್ಚಿ! ಮಣ್ಣಾಗ ಕೂಡ್ಸೂ ಸೀರಿಗೆ ಯಾರರ ಇಷ್ಟ ಕಷ್ಟಪಟ್ಟು ಕಸೂತಿ ಹಾಕ್ತಾರೇನು? ಹುಳಕ್ಕ ಕಸೂತಿ ತಿಳೀತದೇನು?" ಎಂದು ಕೂಗಿದಳು. "ನಾ ಜೀವಂತ ಇರೂವಾಗ ಉಡಾವ್ಕಿ. ಉಟ್ಕೊಂಡು ಪ್ಯಾಟಿಗೆ ಹೋಗಾವ್ಕಿ. ದೊಡ್ಡ ಕನ್ನಡ್ಯಾಗ ಕಾಲತನಕ ನೋಡ್ಕೊಳಾವ್ಕಿ. ನಳಾ ಬಂದ್ ಮಾಡು, ನೀರು ದಂಡ."

ಅಂದು ರಾತ್ರಿ ನನ್ನ ದಿನಚರಿಯಲ್ಲಿ ಔಷಧ, ಊಟ, ನಿದ್ದೆ, ನೋವು ಎಂಬ ನಾಲ್ಕು ಕಾಲಮುಗಳ ಪಕ್ಕ ಐದನೆಯದು ಸೇರಿತು. ಅದಕ್ಕೆ ತಲೆಬರಹ: ಗೋಪುರ.

ಕೆಲಸ ಶುರುವಾದದ್ದು ಮರುದಿನವೇ. ಬೆಳಿಗ್ಗೆ ಹತ್ತರವರೆಗೆ ಬಾಲ್ಕನಿಗೆ ಚೆನ್ನಾದ ಬೆಳಕು ಬೀಳುತ್ತದೆ. ಅಲ್ಲಿ ಒರಗು ಕುರ್ಚಿ, ಬೆನ್ನಿಗೆ ಎರಡು ದಿಂಬು, ತೊಡೆಯ ಮೇಲೆ ಸೀರೆ. ನಾನು ಕಚೇರಿಗೆ ಹೊರಡುವ ಮುಂಚೆ ಒಂದು ಗಂಟೆ ಅವಳ ಜೊತೆ ಕೂರುತ್ತಿದ್ದೆ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಹಾಕಬೇಕು: ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಕಪ್ಪು ಬಟ್ಟೆಯ ಎಳೆಗಳು ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ. ಆದ್ದರಿಂದ ನಾನು ಭೂತಗನ್ನಡಿ ಹಿಡಿದು, ಇನ್ನೊಂದು ಸೂಜಿಯ ತುದಿಯಿಂದ ಎಳೆ ಎಣಿಸಿ ಜಾಗ ತೋರಿಸುತ್ತಿದ್ದೆ; ಅವಳು ಚುಚ್ಚುತ್ತಿದ್ದಳು.

"ಎಣಿಸು."

"ನಾಲ್ಕು."

"ಹೂಂ. ಎಣಿಸು."

ಈ ಹೊಲಿಗೆ ಎರಡು ಸಲ ನಡೆಯುತ್ತದೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ. ಗೋಪುರ ಒಡೆದ ಗೆರೆಗಳಲ್ಲಿ ಕಾಣುತ್ತದೆ. ಕೊನೆ ಮುಟ್ಟಿದ ಮೇಲೆ ತಿರುಗಿ, ಅದೇ ತೂತುಗಳಲ್ಲಿ ಸೂಜಿ ಹಾಯಿಸುತ್ತ ಬಿಟ್ಟ ಜಾಗಗಳನ್ನು ತುಂಬುತ್ತ ಬರಬೇಕು. ಆಗ ಗೆರೆ ಕೂಡುತ್ತದೆ. ಸೀರೆಯ ಒಳಮೈಯೂ ಹೊರಮೈಯಂತೆಯೇ ಕಾಣುತ್ತದೆ. ಎಲ್ಲೂ ಗಂಟು ಹಾಕುವಂತಿಲ್ಲ. ನಾನು ಮೊದಲ ದಿನ ದಾರ ಪೋಣಿಸಿ ಅಭ್ಯಾಸಬಲದಿಂದ ತುದಿಗೆ ಗಂಟು ಬಿಗಿದು ಕೊಟ್ಟೆ. ದೊಡ್ಡವ್ವ ಅದನ್ನು ಸತ್ತ ಜಿರಳೆಯಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದು ಅಮ್ಮನಿಗೆ ತೋರಿಸಿದಳು. "ನೋಡ ಬಾ, ನಿನ್ನ ಮಗಳು ಗೋಣಿಚೀಲಾ ಹೊಲಿಯಾಕ ಬಂದಾಳ."

ದಿನಕ್ಕೆ ಎರಡು ಮೆಟ್ಟಿಲು ಆದರೆ ಹೆಚ್ಚು. ಕೆಲವು ದಿನ ಎರಡೇ ಹೊಲಿಗೆ. ಕೈ ಸೋತರೆ ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು ಎದುರುಮನೆಯ ಟೆರೇಸಿನ ಮೇಲಿನ ಬಟ್ಟೆಗಳನ್ನು ನೋಡುತ್ತ ಕೂರುತ್ತಿದ್ದಳು. ಹೊಲಿಯುವುದರಿಂದ ನೋವು ಕಡಿಮೆಯಾಯಿತು ಎಂದು ಹೇಳಲಾರೆ. ನನ್ನ ಕಾಲಮುಗಳು ಅಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. ಹೊಲಿದ ದಿನಗಳಲ್ಲಿ ಅವಳು ಬೆಳಗಿನ ಮಾತ್ರೆಯನ್ನು ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದಳು. "ಹತ್ತರ ಬೆಳಕು ಹೋಗೂದ್ರಾಗ ಕೊಟ್ಟು ಬಿಡು" ಎನ್ನುತ್ತಿದ್ದಳು. ಹೊಲಿಗೆ ಶುರುವಾಗುವ ಮುಂಚೆ ಬೆಳಗಾದದ್ದು ಅವಳಿಗೆ ಬೇಕಾಗಿತ್ತೋ ಇಲ್ಲವೋ ನಮಗೆ ತಿಳಿಯುತ್ತಿರಲಿಲ್ಲ.

ಜುಲೈ ಕೊನೆಯ ಹೊತ್ತಿಗೆ ಮೂರನೆಯ ಗೋಪುರದ ಎಡಬದಿಯ ಮೆಟ್ಟಿಲುಗಳು ಒಡೆದ ಗೆರೆಯಲ್ಲಿ ಕಳಶದ ತನಕ ಏರಿದವು. ಅಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿತು. ತೆಗೆಸಲು ಎರಡು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಹಗಲು ಅಪ್ಪ ಜೊತೆಗಿದ್ದರು. ಮನೆಯಲ್ಲಿ ನಾನು ಸುಮ್ಮನಿರಲಾರದೆ ಲೆಕ್ಕ ಹಾಕಿದೆ. ಇದುವರೆಗಿನ ಹೊಲಿಗೆಗೆ ಇಷ್ಟು ದಿನ; ಉಳಿದ ಗೋಪುರಗಳಿಗೆ ಎಷ್ಟು? ಉತ್ತರ ಮುಂದಿನ ಸಂಕ್ರಾಂತಿಯನ್ನೂ ದಾಟಿ ಹೋಯಿತು. ಆ ಪುಟವನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಒಳಗೆ ಹೋಗಿ ಕನ್ನಡಕ ತಂದಳು. ಅವಳಿಗೂ ಕಸೂತಿ ಬರುತ್ತದೆ, ಅಕ್ಕನೇ ಕಲಿಸಿದ್ದು. ಎರಡು ದಿನ ಒಲೆ ಹೊತ್ತಿಸಿದ್ದು ಕಡಿಮೆ. ನಾನು ಎಣಿಸಿದೆ, ಅಮ್ಮ ಹಾಕಿದಳು. ಕಳಶದಿಂದ ಇಳಿದು ಬಲಬದಿ ಮುಗಿಸಿ, ತಿರುಗಿ ಬಂದು, ಮೂರನೆಯ ಗೋಪುರ ಪೂರ್ತಿಯಾಯಿತು. ನಮ್ಮಿಬ್ಬರಿಗೂ ಹಿಗ್ಗೋ ಹಿಗ್ಗು. ಸೀರೆಯನ್ನು ಅವಳ ಮಂಚದ ಮೇಲೆ ಕಾಣುವ ಹಾಗೆ ಹರಡಿ ಇಟ್ಟೆವು.

ದೊಡ್ಡವ್ವ ಬಂದು ಮಂಚದ ಅಂಚಿಗೆ ಕೂತು ನೋಡಿದಳು. ಬೆರಳಿನಿಂದ ಬಲಬದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಸವರಿದಳು.

"ಮುಗಿಸೇ ಬಿಟ್ರೇನು?"

"ನಿನಗೆ ಖುಷಿ ಆಗ್ಲಿ ಅಂತ ಮಾಡಿದ್ವಿ ಅಕ್ಕಾ," ಎಂದಳು ಅಮ್ಮ.

"ಖುಷಿ ಆಗೇತಿ. ಚಲೋ ಹಾಕೀರಿ. ಆದ್ರ ನಾಳೆ ಮುಂಜಾನೆ ಎದ್ದು ನಾ ಏನ ಮಾಡ್ಲಿ? ಅದನ್ನಷ್ಟ ಹೇಳು."

"ಇನ್ನೂ ಎರಡು ಗೋಪುರ ಇದೆಯಲ್ಲ ದೊಡ್ಡವ್ವ," ಎಂದೆ ನಾನು.

"ಅದನ್ನೂ ನಾ ಮಲ್ಕೊಂಡಾಗ ಮುಗಿಸಿ ಇಡ್ತೀರಿ."

ಅವಳು ಹಾಗೆ ಹೇಳಿದ್ದು ಸಿಟ್ಟಿನಿಂದಲ್ಲ. ಲೆಕ್ಕ ಸರಿಯಿದೆಯೋ ಎಂದು ನೋಡುವ ಧ್ವನಿ. ಅಂದು ಸಂಜೆ ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಮರುದಿನ ಬೆಳಿಗ್ಗೆ ಬಾಲ್ಕನಿಗೆ ಬರಲಿಲ್ಲ. ಮಾತ್ರೆ ಕೇಳಲಿಲ್ಲ. ನೋವು ಎಷ್ಟು ಎಂದರೆ "ಏನರ ಬರ್ಕೋ" ಎಂದಳು. ಎಂದೂ ಖಾಲಿ ಬಿಡದ ಕಾಲಮನ್ನು ಆ ದಿನ ಖಾಲಿ ಬಿಟ್ಟೆ.

ಮಾರನೆಯ ದಿನ ಶುಕ್ರವಾರ. ಮೇಡಂ ಬಂದರು. ಸೀರೆ ನೋಡಿದರು, ನಮ್ಮ ಮುಖಗಳನ್ನು ನೋಡಿದರು. ದೊಡ್ಡವ್ವನ ಪಕ್ಕ ಕೂತು, "ಇದನ್ನ ಬಿಚ್ಚೋಕೆ ಬರುತ್ತಾ ಅಮ್ಮ?" ಎಂದು ಮಾಮೂಲಿ ಮಾತಿನಂತೆ ಕೇಳಿದರು.

ದೊಡ್ಡವ್ವ ಮೆಲ್ಲಗೆ ಈ ಕಡೆ ತಿರುಗಿದಳು. "ಗಂಟು ಇಲ್ಲಂದ್ರ ಬಿಚ್ಚೂದು ಏನ ದೊಡ್ಡ ಕೆಲಸರಿ?" ನನ್ನ ಕಡೆ ನೋಡಿ, "ನಿಮ್ಮವ್ವ ಗಂಟ ಹಾಕಿಲ್ಲ ಹೌದಲ್ಲ?" ಎಂದಳು.

"ಅಕ್ಕಾ, ಗಂಟು ಹಾಕ್ತೀನಾ ನಾನು?" ಎಂದು ಅಮ್ಮ ರೇಗಿದಳು.

ಬಿಚ್ಚಲು ಮೂರು ಬೆಳಗು ಹಿಡಿಯಿತು. ಕೊನೆಗೆ ಹಾಕಿದ್ದನ್ನು ಮೊದಲು ಬಿಚ್ಚಬೇಕು. ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಎತ್ತಿ ದಾರ ಎಳೆಯುತ್ತ, ದೊಡ್ಡವ್ವ ಅಮ್ಮನಿಗೆ ಕೇಳುವ ಹಾಗೆ ನನಗೆ ಹೇಳುತ್ತಿದ್ದಳು: "ನಿಮ್ಮವ್ವ ಸಾಲ್ಯಾಗೂ ಹಿಂಗ ಮಾಡ್ತಿದ್ಲು. ನಾ ಕೊಟ್ಟ ಲೆಕ್ಕಾ ಬಾಜೂದಾಕಿ ಕಡೆ ಬಿಡಿಸ್ಕೊಂಡು ಬರ್ತಿದ್ಲು." ಅಮ್ಮ ಪಕ್ಕದಲ್ಲೇ ಬೆಳ್ಳುಳ್ಳಿ ಬಿಡಿಸುತ್ತ, "ಒಂದೇ ಸಲ!" ಎನ್ನುತ್ತಿದ್ದಳು. ಅವರಿಬ್ಬರು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಐದನೆಯ ಕಾಲಮಿನಲ್ಲಿ ಏನು ಬರೆಯಬೇಕೋ ತಿಳಿಯದೆ 'ಬಿಚ್ಚಿದ್ದು' ಎಂದು ಬರೆದೆ.

ಕಳಶದ ತುದಿಯಿಂದ ಮತ್ತೆ ಹೊರಟಳು. ಈಗ ಕೈಯಲ್ಲಿ ಶಕ್ತಿ ಮೊದಲಿನಷ್ಟು ಇರಲಿಲ್ಲ. ಬಲಬದಿ ಇಳಿಯುವುದರೊಳಗೆ ಆಗಸ್ಟ್ ಅರ್ಧ ಕಳೆಯಿತು. ತಿರುಗಿ ಬರುವ ಹೊತ್ತು ಬಂದಾಗ ಸೂಜಿಯನ್ನು ನನ್ನ ಕೈಗೆ ಕೊಟ್ಟಳು.

"ಹೋಗೂದು ನಂದು, ಬರೂದು ನಿಂದು. ನಾ ಹಾಕಿದ ತೂತಿನ್ಯಾಗ ಹಾಯಿಸ್ಕೋತ ಬಾ. ನನ್ನ ಹಿಂದ ಬಾ, ಮುಂದ ಹೋಗಬ್ಯಾಡ. ತಿಳೀತಿಲ್ಲೋ?"

"ತಿಳೀತು."

"ಬರ್ಕೋ ಬೇಕಾರ."

ಅಂದಿನಿಂದ ಅವಳು ನಾಲ್ಕನೆಯ ಗೋಪುರದಲ್ಲಿ ಹೋಗುತ್ತಿದ್ದರೆ, ನಾನು ಅವಳ ಹಿಂದೆ ಮೂರನೆಯದರಲ್ಲಿ ಬರುತ್ತಿದ್ದೆ. ಒಂದೇ ಸೀರೆ, ಇಬ್ಬರ ತೊಡೆಯ ಮೇಲೆ. ನನ್ನ ಹೊಲಿಗೆ ಸೊಟ್ಟಗಾದರೆ ಕಣ್ಣು ಮುಚ್ಚಿಕೊಂಡೇ ಬೆರಳಾಡಿಸಿ, "ಇಲ್ಲಿ ಯಾರಿಗೋ ನಿದ್ದಿ ಬಂದಿತ್ತು" ಎನ್ನುತ್ತಿದ್ದಳು. ಮೂರನೆಯದು ಮುಗಿಯಿತು.

ಅದರ ಮುಂದಿನ ಮಂಗಳವಾರ ಸಿಸ್ಟರ್ ಅವಳ ಪಾದ ಒತ್ತಿ ನೋಡಿದರು. ಊತದಲ್ಲಿ ಬೆರಳಿನ ಗುಳಿ ಹಾಗೇ ಉಳಿಯಿತು. ಗೇಟಿನ ತನಕ ಬಂದ ನನಗೆ, "ಎಲ್ಲಾದ್ರೂ ಕರ್ಕೊಂಡು ಹೋಗೋದಿದ್ರೆ ಈ ವಾರವೇ ಹೋಗ್ಬಿಡಿ" ಎಂದರು.

ನಾನು ಅದನ್ನು ಬರೆದಿಟ್ಟುಕೊಂಡು ಸುಮ್ಮನಿರಬಹುದಿತ್ತು. ಐದು ಗೋಪುರ ಆಗಲಿ ಎಂದು ಅವಳು ಕಾಯುತ್ತಿದ್ದಾಳೆ. ಕಾಯುವುದನ್ನು ತಪ್ಪಿಸಿದರೆ ಏನಾಗುತ್ತದೆ ಎಂದು ಒಮ್ಮೆ ನೋಡಿಯಾಗಿತ್ತು. ಕಾದರೆ ಸೀರೆ ಉಡದೆಯೇ ಉಳಿಯುತ್ತದೆ. ರಾತ್ರಿ ಮಾತ್ರೆ ಕೊಡುವಾಗ ಹೇಳಿದೆ: "ದೊಡ್ಡವ್ವ, ಸಿಸ್ಟರ್ ಹೇಳಿದ್ರು. ಹೋಗೋದಾದ್ರೆ ಈ ವಾರ."

ಅವಳು ನೀರು ಕುಡಿದು ಲೋಟ ಕೊಟ್ಟಳು. "ನಾಕನೇದು ಎಷ್ಟಾಗೇತಿ?"

"ಎಡಗಡೆ ಮೂರು ಮೆಟ್ಟಿಲು. ಹೋಗಿರೋದು ಮಾತ್ರ."

"ಅದನ್ನ ಒಳಗ ಮಡಚಿ ಪಿನ್ ಹಾಕಿದ್ರಾತು. ಮೂರು ಕಾಣ್ತಾವ. ಐದರಂಗ ಮೂರೂ ಬೆಸಾನ, ನಡೀತದ." ದಿಂಬಿಗೆ ಒರಗಿ, "ಉಟ್ಟ ಬಂದಮ್ಯಾಲೆ ಮತ್ತ ಹಾಕ್ತೀನಿ. ಸೀರಿ ಎಲ್ಲಿ ಓಡಿ ಹೋಗ್ತದ?" ಎಂದಳು.

ಶನಿವಾರ ಬೆಳಿಗ್ಗೆ ಅಮ್ಮ ಅವಳಿಗೆ ಸೀರೆ ಉಡಿಸಿದಳು. ಸೊಂಟದ ಸುತ್ತ ಮೂಳೆ, ಹೊಟ್ಟೆಯ ಮೇಲೆ ಊತ. ನೆರಿಗೆ ನಿಲ್ಲಿಸಲು ನಾಲ್ಕು ಪಿನ್ನು ಬೇಕಾಯಿತು. ಕ್ಯಾಬಿನಲ್ಲಿ ಗಾಲಿಕುರ್ಚಿ ಮಡಚಿ ಹಾಕಿಕೊಂಡು ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆವು. ಕಾಂಪ್ಲೆಕ್ಸಿನ ಹತ್ತಿರ ಹೂವಿನವಳು ಕೇಳದೆಯೇ ಒಂದು ಮೊಳ ಮಲ್ಲಿಗೆ ಹಿಡಿದಳು. ಅಮ್ಮ ಕೊಂಡು ಅಕ್ಕನ ತಲೆಗೆ ಸಿಕ್ಕಿಸಲು ಹೋದಳು. ಕೂದಲು ಇರಲಿಲ್ಲ. ದೊಡ್ಡವ್ವ ಹೂವನ್ನು ಕೈಗೆ ಸುತ್ತಿಕೊಂಡಳು.

ಅವಳಿಗೆ ಬೇಕಾದದ್ದು ಸೀರೆ ಅಂಗಡಿಯ ಕನ್ನಡಿ. ಅಂಗಡಿಯ ಹುಡುಗ ಓಡಿ ಬಂದು, "ಬನ್ನಿ ಅಮ್ಮ, ಏನ್ ತೋರಿಸ್ಲಿ? ರೇಷ್ಮೆನಾ, ಕಾಟನ್ನಾ?" ಎಂದ.

"ಏನೂ ಬ್ಯಾಡಪಾ. ನಾ ಉಟ್ಕೊಂಡ ಬಂದೀನಿ. ನಿನ್ನ ಕನ್ನಡಿ ಅಷ್ಟ ತೋರ್ಸು."

ಅವನು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಕನ್ನಡಿಯ ಮುಂದೆ ರಾಶಿ ಬಿದ್ದಿದ್ದ ಸೀರೆಗಳನ್ನು ಎತ್ತಿ ಜಾಗ ಮಾಡಿಕೊಟ್ಟ. ದೊಡ್ಡವ್ವ, "ಎಬ್ಬಸ್ರಿ" ಎಂದಳು. ಒಂದು ಕಡೆ ಅಮ್ಮ, ಇನ್ನೊಂದು ಕಡೆ ನಾನು. ಅವಳು ನಿಂತಳು. ಎಷ್ಟು ಹೊತ್ತು ಎಂದು ನಾನು ಗಡಿಯಾರ ನೋಡಲಿಲ್ಲ. ಸೆರಗನ್ನು ಮುಂದಕ್ಕೆ ಎಳೆದುಕೊಂಡು ಮೂರು ಗೋಪುರಗಳು ಭುಜದ ಕೆಳಗೆ ನೆಟ್ಟಗೆ ಬರುವ ಹಾಗೆ ಸರಿಪಡಿಸಿದಳು. ಕಾಲತನಕ ನೋಡಿದಳು. ಮತ್ತೆ ಮೇಲಿನ ತನಕ ನೋಡಿದಳು.

"ಹೂಂ," ಎಂದಳು. "ಬೊಕ್ಕ ತಲಿ ಒಂದ ಬಿಟ್ರ ಲಗ್ನದಾಕಿ ಕಂಡಂಗ ಕಾಣ್ತೀನಿ."

ಹುಡುಗ ನಮ್ಮ ಹಿಂದೆ ನಿಂತು ನೋಡುತ್ತಿದ್ದ. "ಸಖತ್ತಾಗಿದೆ ಅಮ್ಮ ವರ್ಕು. ಎಲ್ಲಿ ತಗೊಂಡ್ರಿ?"

"ಇನ್ನೂ ಮುಗಿದಿಲ್ಲಪಾ."

ಅವಳು ಕೂತ ಮೇಲೆ ಹುಡುಗನೇ ಕುರ್ಚಿಯನ್ನು ಮೆಟ್ಟಿಲಿನಿಂದ ಇಳಿಸಿಕೊಟ್ಟ. ಹೋಟೆಲಿನಲ್ಲಿ ಎರಡು ಚಮಚ ಕೇಸರಿಭಾತು ತಿಂದಳು. ಮನೆಗೆ ಬಂದು ಸೀರೆ ಬಿಚ್ಚಿ, ಮಡಚುವ ಮೊದಲು ಪಿನ್ನು ತೆಗೆಸಿ, ನಾಲ್ಕನೆಯ ಗೋಪುರದ ಜಾಗವನ್ನು ಬೆರಳಿನಿಂದ ಹುಡುಕಿದಳು. ಆ ದಿನ ನೋವಿಗೆ ಅವಳು ಕೊಟ್ಟ ಮಾರ್ಕು ಐದು. "ಕಮ್ಮಿ ಇತ್ತಂತಲ್ಲ, ನಾ ಆ ಕಡೀಗೆ ಲಕ್ಷ್ಯ ಕೊಡಲಿಲ್ಲ" ಎಂದಳು.

ಆಮೇಲೆ ಬಾಲ್ಕನಿಗೆ ಬಂದದ್ದು ಕೆಲವೇ ದಿನ. ನಾಲ್ಕನೆಯ ಗೋಪುರದ ಎಡಬದಿ ಒಡೆದ ಗೆರೆಯಲ್ಲಿ ಕಳಶದ ಬುಡದ ತನಕ ಏರಿತು. ಸೂಜಿಯನ್ನು ಅಲ್ಲಿ ಚುಚ್ಚಿಟ್ಟು "ನಾಳೆ" ಎಂದಳು. ಗಣೇಶನ ಹಬ್ಬ ಕಳೆದು ವಾರದೊಳಗೆ, ಒಂದು ಮಧ್ಯಾಹ್ನ, ಅಮ್ಮ ಗಂಜಿ ಆರಿಸುತ್ತಿದ್ದಾಗ, ಅವಳ ಉಸಿರು ನಿಂತಿತು. ಕೈ ನನ್ನ ಕೈಯಲ್ಲಿತ್ತು. ಹೊತ್ತನ್ನು ಬರೆದುಕೊಂಡೆ, ಸಿಸ್ಟರ್ ಕೇಳುತ್ತಾರೆ ಎಂದು.

ಧಾರವಾಡದಿಂದ ಬಂದ ನೆಂಟರೊಬ್ಬರು, ಅಷ್ಟು ಆಸೆಪಟ್ಟು ಕಸೂತಿ ಹಾಕಿದ ಚಂದ್ರಕಾಳಿ, ಅದನ್ನೇ ಉಡಿಸಿ ಕಳಿಸೋಣ ಎಂದರು. ಅಮ್ಮ ಕಣ್ಣೊರೆಸಿಕೊಂಡು, "ಬೇಡ, ಅಕ್ಕ ಬೈತಾಳೆ" ಎಂದಳು. ಹಸಿರು ಸೀರೆ ಉಡಿಸಿದೆವು.

ದಸರೆ ಕಳೆದ ಮೇಲೆ ಒಂದು ಶನಿವಾರ ನಾನು ಸೀರೆ ತೆಗೆದು ಬಾಲ್ಕನಿಯಲ್ಲಿ ಕೂತೆ. ಸೂಜಿ ಅವಳು ಚುಚ್ಚಿದ್ದಲ್ಲೇ ಇತ್ತು, ತುದಿಗೆ ಒಂದು ಗೇಣು ದಾರ. ಕಳಶದ ಬುಡದಿಂದ ತಿರುಗಿ, ಅವಳ ತೂತುಗಳಲ್ಲಿ ಹಾಯಿಸುತ್ತ, ಬಿಟ್ಟ ಜಾಗಗಳನ್ನು ತುಂಬುತ್ತ ಬಂದೆ. ನಾಲ್ಕು ಶನಿವಾರ ಹಿಡಿಯಿತು. ಎಡಬದಿಯ ಮೆಟ್ಟಿಲುಗಳು ಗಟ್ಟಿ ಗೆರೆಯಾದವು. ಬಲಬದಿಯಲ್ಲಿ ಬರಿಯ ಕಪ್ಪು.

ಅಮ್ಮ ಬಂದು ನಿಂತು ನೋಡಿದಳು. "ಇನ್ನರ್ಧ?"

"ಹೋಗೋ ದಾರಿ ದೊಡ್ಡವ್ವ ಹಾಕಿಲ್ಲ. ನಾನು ಮುಂದೆ ಹೋಗೋ ಹಾಗಿಲ್ಲ."

ಅಮ್ಮ ಒಳಗೆ ಹೋದಳು. ಕನ್ನಡಕ ಹಾಕಿಕೊಂಡು ಬಂದು ಅಕ್ಕನ ಕುರ್ಚಿಯಲ್ಲಿ ಕೂತು, ಸೀರೆಯ ಒಂದು ತುದಿಯನ್ನು ತನ್ನ ತೊಡೆಗೆ ಎಳೆದುಕೊಂಡಳು. ದಾರವನ್ನು ಗಂಟು ಹಾಕದೆ ಪೋಣಿಸಿ, ಸೂಜಿಯನ್ನು ಕಳಶದ ಹತ್ತಿರ ಹಿಡಿದು, ನನ್ನ ಮುಖ ನೋಡಿದಳು.

"ಎಣಿಸು," ಎಂದಳು.